ಮಾತ್ರೆ ನಿಲ್ಲಿಸುವ ಮಾತು

ಸ್ಕಿಜೋಫ್ರೇನಿಯಾ ಎಂದೊಡನೆ ಜನರಿಗೆ ನೆನಪಾಗುವುದು ಇಲ್ಲದ ಧ್ವನಿಗಳು ಕೇಳಿಸುವುದು, ಸುತ್ತಲಿನವರ ಮೇಲೆಲ್ಲ ಸಂಶಯ ಪಡುವುದು; ಆದರೆ ಈ ಮಾನಸಿಕ ಕಾಯಿಲೆಯಿದ್ದ ಚಿಕ್ಕಪ್ಪನೊಂದಿಗೆ ಒಂದೇ ಮನೆಯಲ್ಲಿ ಬೆಳೆದ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಅವರ ಮೌನ. ಕಾಯಿಸಿದ ನೀರು ಆರಿಹೋದರೂ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲೇ ಕೂತಿರುತ್ತಿದ್ದರು. ಮನೆಯವರು ಇದನ್ನು ಸೋಮಾರಿತನವೆಂದೇ ಎಣಿಸಿದ್ದರು. ಉತ್ಸಾಹ, ಮಾತು, ಮುಖಭಾವ ಬತ್ತುವುದೂ ಕಾಯಿಲೆಯ ಲಕ್ಷಣವೇ, ಮತ್ತು ಅದು ಮಾತ್ರೆಗಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಂದಂದಿನಿಂದ ಈ ಕಾಯಿಲೆಯ ಔಷಧಗಳು ಬಹುಪಾಲು ಮೆದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ತಡೆಯುವ ಮೂಲಕವೇ ಕೆಲಸ ಮಾಡುತ್ತಿವೆ. ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟರೂ ಗುಣ ಕಾಣದಿದ್ದರೆ ವೈದ್ಯರು ಕ್ಲೋಜಪೀನ್‌ನತ್ತ ತಿರುಗುತ್ತಾರೆ; ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವ ಪದ್ಧತಿಯಿದೆ. ಚಿಕ್ಕಪ್ಪನಿಗೆ ಕೊನೆಗೆ ಒಗ್ಗಿದ್ದು ಅದೇ, ರಾತ್ರಿ ದಿಂಬು ನೆನೆಯುವಷ್ಟು ಜೊಲ್ಲು ಸುರಿಯುತ್ತಿದ್ದರೂ. (ಈ ತೊಂದರೆಯನ್ನು ಸಂಕೋಚದಿಂದ ಮುಚ್ಚಿಡಬಾರದು, ಹೇಳಿದರೆ ವೈದ್ಯರು ಪ್ರಮಾಣ ಬದಲಿಸಿ ನೋಡುತ್ತಾರೆ.)

‘ಈಗ ಹುಷಾರಾಗಿದ್ದಾನಲ್ಲ, ಇನ್ನೇಕೆ ಮಾತ್ರೆ?’ ಎನ್ನುವ ನೆಂಟರ ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಕಾಯಿಲೆ ಮರುಕಳಿಸಲು ಬಹುಸಾಮಾನ್ಯ ಕಾರಣ ಔಷಧ ನಿಲ್ಲಿಸುವುದೇ. ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಎಲ್ಲಿಗೆ ಹೋಗಬೇಕೆಂದು ತೋಚದ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.