ವಾಸುಕಿಯ ತಂಗಿಯ ಹಬ್ಬ

ರಾಖಿ ಹುಣ್ಣಿಮೆ ಹತ್ತಿರ ಬಂತೆಂದರೆ ಆಫೀಸಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ನಿಮ್ಮ ಕಡೆ ಅಣ್ಣ-ತಂಗಿ ಹಬ್ಬ ಜೋರಾಗಿ ಮಾಡಲ್ವಾ?" ಮಾಡದೇ ಏನು! ಅದಕ್ಕೂ ಹತ್ತು ದಿನ ಮೊದಲೇ, ಶ್ರಾವಣ ಶುದ್ಧ ಪಂಚಮಿಗೇ ಮುಗಿದಿರುತ್ತದೆ. ನಮ್ಮ ಧಾರವಾಡದ ಕಡೆ ನಾಗರ ಪಂಚಮಿಯೆಂದರೆ ಒಡಹುಟ್ಟಿದವರ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಆಮೇಲೆಯೇ ಹೆಣ್ಣುಮಗಳು ತವರಿಗೆ ಹೊರಡುವುದು. ಫೋನು ಮಾಡಿದರೆ ಸಾಲದು. ಹಳೇ ಮೈಸೂರು ಕಡೆ ಅಕ್ಕ-ತಂಗಿಯರು ಅಣ್ಣ-ತಮ್ಮಂದಿರ ಬೆನ್ನಿಗೆ ಹಾಲು-ತುಪ್ಪ ಹಚ್ಚಿ, ಬೆನ್ನು ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ ಎಂದು ಹಾರೈಸುತ್ತಾರೆ.

ಹಾವಿನ ಪೂಜೆಗೂ ಅಣ್ಣ-ತಂಗಿಗೂ ಎಲ್ಲಿಂದೆಲ್ಲಿಯ ನಂಟು? ಹಾವು ಕಚ್ಚಿ ಸತ್ತ ಅಣ್ಣನನ್ನು ತಂಗಿ ನಾಗಪ್ಪನಿಗೆ ಮೊರೆಯಿಟ್ಟು ಉಳಿಸಿಕೊಂಡ ಕಥೆಗಳನ್ನು ಊರಲ್ಲಿ ಹೇಳುತ್ತಾರೆ. ಆದರೆ ನನಗೆ ಈ ಹಬ್ಬದ ಬೇರು ಕಾಣುವುದು ಮಹಾಭಾರತದ ಆದಿಪರ್ವದಲ್ಲಿ. ಪಂಚಮಿ ಬಂದಾಗ ಎಲ್ಲರೂ ಆಸ್ತೀಕನ ಹೆಸರು ಹೇಳುತ್ತಾರೆ, ಜನಮೇಜಯನ ಸರ್ಪಯಾಗ ನಿಲ್ಲಿಸಿದವನು ಅಂತ. ಅವನ ತಾಯಿ ಯಾರು, ಯಾರ ತಂಗಿ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಅವಳ ಹೆಸರು ಜರತ್ಕಾರು, ನಾಗರಾಜ ವಾಸುಕಿಯ ತಂಗಿ. ನಾಗಗಳ ತಾಯಿ ಕದ್ರು ಹೇಳಿದ ಮೋಸಕ್ಕೆ ಮಕ್ಕಳು ಒಪ್ಪಲಿಲ್ಲ, ಜನಮೇಜಯನ ಯಜ್ಞದಲ್ಲಿ ಸುಟ್ಟುಹೋಗಿ ಎಂದು ಆಕೆ ಶಪಿಸಿಬಿಟ್ಟಳು. ಉಳಿಯುವ ದಾರಿ ಒಂದೇ ಇತ್ತು. ವಾಸುಕಿಯ ತಂಗಿಗೆ ಜರತ್ಕಾರು ಎಂಬ ಋಷಿಯಿಂದ ಹುಟ್ಟುವ ಮಗನೇ ಕುಲವನ್ನು ಕಾಯಬೇಕು. ಆ ಋಷಿಯೋ ಮದುವೆಯೇ ಬೇಡ ಎಂದವನು. ಪಿತೃಗಳ ದುಃಖ ನೋಡಲಾರದೆ ಕೊನೆಗೆ ಒಪ್ಪಿದ, ಅದೂ ಕರಾರು ಹಾಕಿ: ಕನ್ಯೆಯ ಹೆಸರು ತನ್ನದೇ ಆಗಿರಬೇಕು, ಭಿಕ್ಷೆಯಂತೆ ಕೊಡಬೇಕು, ಅವಳನ್ನು ಸಾಕುವ ಭಾರ ತನ್ನದಲ್ಲ. ವಾಸುಕಿ ಇಂಥ ವರನಿಗಾಗಿಯೇ ಕಾದಿದ್ದು ತಂಗಿಯನ್ನು ಕೊಟ್ಟ. ಅವಳನ್ನು ನಾನೇ ಸಾಕುತ್ತೇನೆ ಎಂದ.

ಮುಂದಿನದನ್ನು ಓದುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಒಂದು ಸಂಜೆ ಗಂಡ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಸೂರ್ಯ ಮುಳುಗುತ್ತಿದ್ದಾನೆ. ಎಬ್ಬಿಸಿದರೆ ಸಿಟ್ಟು, ಎಬ್ಬಿಸದಿದ್ದರೆ ಸಂಧ್ಯಾವಂದನೆ ತಪ್ಪಿ ಅವನಿಗೆ ದೋಷ. ಅವನ ಧರ್ಮ ಉಳಿಯಲಿ ಎಂದು ಎಬ್ಬಿಸಿದಳು. ಅಷ್ಟಕ್ಕೇ ಬಿಟ್ಟು ಹೋದ. ಗರ್ಭಿಣಿ ಹೆಂಗಸು ಅಣ್ಣನ ಮುಂದೆ ಬಂದು ನಿಂತು ಎಲ್ಲ ಹೇಳಿದಳು. ವಾಸುಕಿ ಅವಳನ್ನು ಆದರದಿಂದ ನೋಡಿಕೊಂಡ, ಆಸ್ತೀಕ ಸೋದರಮಾವನ ಮನೆಯಲ್ಲೇ ಬೆಳೆದ.

ಹಾವುಗಳು ಬೆಂಕಿಗೆ ಬೀಳತೊಡಗಿದಾಗ ಮೈಯೆಲ್ಲ ಉರಿಯುತ್ತಿದ್ದ ವಾಸುಕಿ ಓಡಿಬಂದದ್ದು ತಂಗಿಯ ಹತ್ತಿರ. ಅವಳು ಮಗನನ್ನು ಕರೆದು ಕಳಿಸಿದಳು. ಆಸ್ತೀಕ ಯಜ್ಞಶಾಲೆಗೆ ಹೋಗಿ ರಾಜನನ್ನು ಮೆಚ್ಚಿಸಿ ವರ ಪಡೆದ, ಜನಮೇಜಯನ ತಂದೆಯನ್ನು ಕಚ್ಚಿ ಕೊಂದಿದ್ದ ತಕ್ಷಕ ಬೆಂಕಿಗೆ ಬೀಳದೆ ಆಕಾಶದಲ್ಲೇ ನಿಂತ, ಯಾಗ ನಿಂತಿತು. ಅದು ಪಂಚಮಿಯ ದಿನವೆಂದು ನಮ್ಮವರ ನಂಬಿಕೆ. ನನ್ನ ಮಟ್ಟಿಗಂತೂ ತವರು ಎಂಬುದರ ಪೂರ್ತಿ ಕಥೆ ಇದು. ಅಣ್ಣ ತಂಗಿಯಿಂದ ದೊಡ್ಡದನ್ನೇ ಕೇಳಿದ, ಅವಳು ಕೊಟ್ಟಳು, ಅವಳು ಮರಳಿ ಬಂದಾಗ ಬಾಗಿಲು ತೆರೆದಿತ್ತು.

ರಾಖಿಯ ಹಿಂದಿನ ಪುರಾಣ ಕಥೆ ನೋಡಿ: ಭವಿಷ್ಯ ಪುರಾಣದಲ್ಲಿ ಇಂದ್ರನಿಗೆ ರಕ್ಷೆ ಕಟ್ಟುವವಳು ಅವನ ಹೆಂಡತಿ ಶಚಿ. ದೀಪಾವಳಿಯ ಯಮದ್ವಿತೀಯೆಯಲ್ಲಿ ಅಣ್ಣ-ತಂಗಿ ಇದ್ದಾರೆ. ಯಮ ಯಮುನೆಯ ಮನೆಗೆ ಊಟಕ್ಕೆ ಹೋಗುತ್ತಾನೆ. ಅದೂ ಚೆಂದದ ಕಥೆಯೇ. ಆದರೆ ಅಲ್ಲಿ ಅಣ್ಣ ತಂಗಿಯ ಮನೆಗೆ ಬರುತ್ತಾನೆ. ನಮ್ಮಲ್ಲಿ ತಂಗಿ ತವರಿಗೆ ಬರುತ್ತಾಳೆ.

ನಮ್ಮ ಮನೆಯಲ್ಲಿ ಹಿಂದಿನ ದಿನ ರೊಟ್ಟಿ ಪಂಚಮಿ. ಹಬ್ಬದ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಅದಕ್ಕೇ ರೊಟ್ಟಿಯೆಲ್ಲ ಆಗಲೇ ತಟ್ಟಿ ಮುಗಿಸಬೇಕು. ಶೇಂಗಾದುಂಡಿ, ಎಳ್ಳುಂಡಿ, ಜೋಳದ ಅಳ್ಳು ಡಬ್ಬಿ ತುಂಬಿರುತ್ತವೆ. ಮರುದಿನ ಮಣ್ಣಿನ ನಾಗಪ್ಪನ ಮುಂದೆ ಕೂತು ಅವ್ವ ಕೊಬ್ಬರಿ ಬಟ್ಟಲದಿಂದ ಹಾಲೆರೆಯುತ್ತಾಳೆ. "ದೇವರ ಪಾಲ, ಗುರುವಿನ ಪಾಲ, ಅಪ್ಪನ ಪಾಲ, ಅವ್ವನ ಪಾಲ, ಅಣ್ಣನ ಪಾಲ, ತಮ್ಮನ ಪಾಲ, ಅಕ್ಕನ ಪಾಲ, ತಂಗಿ ಪಾಲ..." ಒಬ್ಬೊಬ್ಬರ ಹೆಸರಿಗೂ ಒಂದೊಂದು ಗುಟುಕು ಹಾಲು. ಕೊಟ್ಟ ಮನೆಗೆ ಹೋದವರು, ತೀರಿಕೊಂಡವರು, ಮಾತು ಬಿಟ್ಟವರು ಯಾರ ಪಾಲೂ ತಪ್ಪುವುದಿಲ್ಲ. ಆಸ್ತಿಯಲ್ಲಿ ಪಾಲು ಕೇಳಿದ್ದಕ್ಕೆ ತವರು ಮುಚ್ಚಿಕೊಂಡ ಹೆಣ್ಣುಮಕ್ಕಳು ನನಗೆ ಗೊತ್ತು. ಅಂಥವರನ್ನು ಪಂಚಮಿಗಾದರೂ ಹೋಗಿ ಕರೆದುಕೊಂಡು ಬನ್ನಿ ಎಂದು ಅವರ ಅಣ್ಣ-ತಮ್ಮಂದಿರಿಗೆ ಕೈಮುಗಿದು ಹೇಳಬೇಕೆನಿಸುತ್ತದೆ.

ಬಂಗಾಳದಲ್ಲಿ ಜರತ್ಕಾರುವನ್ನೇ ಮನಸಾದೇವಿ ಎಂದು ಪೂಜಿಸುತ್ತಾರೆ. ಆಕೆಯ ಹನ್ನೆರಡು ಹೆಸರುಗಳ ಶ್ಲೋಕದಲ್ಲಿ ಆಸ್ತೀಕಮಾತಾ ಎಂದೂ ಇದೆ, ನಾಗಭಗಿನೀ ಎಂದೂ ಇದೆ. ಅವ್ವನಿಗೆ ಆ ಶ್ಲೋಕ ಬರೆದುಕೊಟ್ಟಿದ್ದೇನೆ. ಬರುವ ಪಂಚಮಿಗೆ ಅಣ್ಣ ಕರೆಯಲು ಬಂದಾಗ ಈ ಕಥೆಯನ್ನು ಅವನ ಮಕ್ಕಳಿಗೆ ದಾರಿಯುದ್ದಕ್ಕೂ ಹೇಳಬೇಕು, ವಾಸುಕಿಯಿಂದಲ್ಲ, ಅವನ ತಂಗಿಯಿಂದ ಶುರುಮಾಡಿ.