ಆ ಮೇಷ್ಟ್ರು ಏನು ಕಲಿಸಿದ್ರು ಅಂತ ಕೇಳುವವರಿಗೆ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಶಿಡ್ಲಘಟ್ಟದ ಪಕ್ಕದ ಹಳ್ಳಿಯವಳು. ಒಂದು ಕಾರ್ಯಕ್ರಮದಲ್ಲಿ ಕೈಗೆ ಮೈಕ್ ಕೊಟ್ಟರು. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಹಾಳೆ ನೋಡದೆ ಚಿತ್ರ ಬರೆಸುತ್ತಿದ್ದರು ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಅಲ್ಲಿಂದ ಶುರು. ಮದುವೆಮನೆಯಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ, ಎಲ್ಲ ಕಡೆ ಒಂದೇ ಪ್ರಶ್ನೆ. "ಆ ಮೇಷ್ಟ್ರು ನಿಮ್ಮ ಕ್ರಿಯೇಟಿವಿಟಿ ಹೇಗೆ ಬೆಳೆಸಿದ್ರು ಮೇಡಂ?"

ಇಷ್ಟು ದಿನ ನಗುನಗುತ್ತಾ ಉತ್ತರ ಕೊಟ್ಟೆ. ಇನ್ನು ಆಗಲ್ಲ. ಒಂದು ಸಲ ಬರೆದಿಡುತ್ತೇನೆ, ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ಬೆಳೆಸಿದ್ರು" ಅನ್ನೋ ಮಾತು. ಅದೇನು ಹುರುಳಿಕಾಯಿ ಬಳ್ಳಿಯಾ, ಕೋಲು ನೆಟ್ಟು ಹಬ್ಬಿಸೋಕೆ? ಕೇಳುವವರಲ್ಲಿ ಹೆಚ್ಚಿನವರಿಗೆ ನಮ್ಮ ಮೇಷ್ಟ್ರ ಸುದ್ದಿ ಬೇಕಿಲ್ಲ. ಮಗುವನ್ನು ಬೇಸಿಗೆ ರಜೆಯಲ್ಲಿ ಸೇರಿಸೋಕೆ ಒಂದು ಕ್ಲಾಸ್ ಬೇಕು. "ಅಂಥವರು ಈಗ ಎಲ್ಲಿ ಸಿಕ್ತಾರೆ?" ಅನ್ನೋದು ಎರಡನೇ ಪ್ರಶ್ನೆ. "ಫೀಸ್ ಎಷ್ಟಿರಬಹುದು?" ಅನ್ನೋದು ಮೂರನೇದು. ಅಂಥವರು ಸಿಕ್ಕಿದರೆ ಮೂರನೇ ದಿನಕ್ಕೆ ನೀವೇ ಹೋಗಿ ಜಗಳ ಆಡ್ತೀರಿ. ನಮ್ಮಪ್ಪ ಆಡಿದ್ದರು.

1996. ನಾನು ಎಂಟನೇ ಕ್ಲಾಸು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಮೇಷ್ಟ್ರು ಹೊಸದಾಗಿ ಬಂದಿದ್ದರು. ಮೊದಲ ದಿನ ಏನಾದರೂ ಬರೀರಿ ಅಂದರು. ನಲವತ್ತು ಮಕ್ಕಳೂ ಸೀನರಿ ಬರೆದೆವು. ನೀವೂ ಬರೆದಿರ್ತೀರಿ. ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ಗುಡಿಸಲು, ತೆಂಗಿನಮರ, ಬೆಟ್ಟದಿಂದ ಇಳಿದು ಬರುವ ನೀಲಿ ನದಿ. ಮೇಷ್ಟ್ರು ಒಂದೊಂದೇ ಪುಸ್ತಕ ಎತ್ತಿ ಆ ನದಿಯ ಮೇಲೆ ಬೆರಳಿಟ್ಟು ಕೇಳಿದರು. "ಎಲ್ಲಿಂದ ಬಂತು ಈ ನೀರು?"

ಯಾರೂ ಬಾಯಿ ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಇರೋದು ಕೆರೆಗಳು, ಅವೂ ಎಷ್ಟೋ ವರ್ಷ ಒಣಗಿರುತ್ತವೆ. ಬೆಟ್ಟವೂ ಅಷ್ಟೇ. ನಮ್ಮ ಕಡೆ ಬೆಟ್ಟ ಅಂದರೆ ಬಂಡೆ ಮೇಲೆ ಬಂಡೆ ಕೂತಿರೋದು, ತ್ರಿಕೋನ ಅಲ್ಲ. "ಬೋರ್‌ವೆಲ್ ಬರಿಯೋ," ಅಂದರು ಮುಂದಿನ ಬೆಂಚಿನ ಹುಡುಗನಿಗೆ. ನಾವು ನಕ್ಕೆವು. ಅವರು ನಗಲಿಲ್ಲ.

ಆಮೇಲೆ ಆ ಹಾಳೆ ನೋಡದ ಆಟ. ಹಳೇ ನ್ಯೂಸ್ ಪೇಪರ್ ಮಧ್ಯೆ ತೂತು ಮಾಡಿ, ಅದರಲ್ಲಿ ಪೆನ್ಸಿಲ್ ತೂರಿಸಿ ಹಿಡಿಯಬೇಕು. ಕೈಯೂ ಕಾಣಲ್ಲ, ಗೆರೆಯೂ ಕಾಣಲ್ಲ. ಎದುರಿಗೆ ಇಟ್ಟಿದ್ದು ಮಾತ್ರ ಕಾಣುತ್ತೆ. ಚಪ್ಪಲಿ, ಸೊಪ್ಪಿನ ಕಟ್ಟು, ಪಕ್ಕದವಳ ಜಡೆ. ಬಗ್ಗಿ ಕದ್ದು ನೋಡಿದರೆ ತೆಲುಗಿನಲ್ಲಿ ಕಿರುಚುತ್ತಿದ್ದರು, "ಚೂಡೊದ್ದು!" ನೋಡಬೇಡ ಅಂತ. ಮನೆಯಲ್ಲಿ ಅರ್ಧ ಜನ ತೆಲುಗು ಮಾತಾಡುವ ಊರು, ಅನುವಾದ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಅಷ್ಟೂ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೊರಟರು. ಎಲ್ಲಿಗೆ ಅಂತ ಹೇಳಲಿಲ್ಲ. ಸಾಲು ನಮ್ಮ ಬೀದಿಗೆ ತಿರುಗಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಹುಳುಮನೆಗೆ!

ರೇಷ್ಮೆ ಸಾಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಹುಳು ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡೋದು, ದಾಟಿ, ಐದನೇ ಹಂತದಲ್ಲಿ ಹಗಲೂ ರಾತ್ರಿ ಸೊಪ್ಪು ತಿಂದು, ಹಣ್ಣಾಗಿ ಮೈ ಪಾರದರ್ಶಕ ಆಗುತ್ತೆ. ಆ ದಿನ ಮನೆಮಂದಿಯೆಲ್ಲ ಕೂತು ಹಣ್ಣುಹುಳ ಆರಿಸಿ, ಗೂಡು ಕಟ್ಟೋ ಚಂದ್ರಿಕೆಗೆ ಬಿಡಬೇಕು. ತಿಂಗಳ ದುಡಿಮೆ ಆ ಒಂದು ದಿನದಲ್ಲಿ ನಿಂತಿರುತ್ತೆ. ಹೊರಗಿನವರು ಕಾಲಿಟ್ಟರೆ ರೋಗ ತರ್ತಾರೆ ಅನ್ನೋ ಭಯ. ಬಾಗಿಲಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್ ನೀರು. ನೆಂಟರನ್ನೇ ಒಳಗೆ ಬಿಡಲ್ಲ. ಇಲ್ಲಿ ಎಂಬತ್ತು ಕಾಲುಗಳು, ಕೆಲವಕ್ಕೆ ಚಪ್ಪಲಿಯೂ ಇಲ್ಲ.

ಅಪ್ಪ ಹೊರಗೆ ಬಂದು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. "ಹುಳ ನೋಡೋಕೆ ಸ್ಕೂಲಿಗೆ ಯಾಕ್ ಕಳಿಸಬೇಕು ಸ್ವಾಮಿ? ನಮ್ಮನೇಲಿ ಇರೋದೇ ಅದು!"

ಮೇಷ್ಟ್ರು ಎದುರು ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟ್ ಮಡಿಚಿ, ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದರು. ಅಮ್ಮನ ಪಕ್ಕ ಕೂತು ಹುಳ ಆರಿಸೋಕೆ ಶುರು ಮಾಡಿದರು. ಅಭ್ಯಾಸ ಇದ್ದ ಕೈ. ಅಪ್ಪನ ದನಿ ಸ್ವಲ್ಪ ಇಳಿಯಿತು. ಕೊನೆಗೆ ಆರಾರು ಮಕ್ಕಳಂತೆ, ಕಾಲು ತೊಳೆದು, ಚಂದ್ರಿಕೆ ಇಟ್ಟಿದ್ದ ಪಡಸಾಲೆಗೆ ಮಾತ್ರ ಬಿಟ್ಟರು.

ಚಂದ್ರಿಕೆ ನೋಡಿದ್ದೀರಲ್ವಾ? ಬಿದಿರಿನ ಚಾಪೆಯ ಮೇಲೆ ಸುತ್ತು ಸುತ್ತಾಗಿ ನಿಲ್ಲಿಸಿದ ದಬ್ಬೆ. ಆ ಸುತ್ತಿನ ಸಂದಿಯಲ್ಲಿ ಹುಳ ಕೂತು ಗೂಡು ಕಟ್ಟುತ್ತೆ. ನಾನು ಹುಟ್ಟಿದಾಗಿನಿಂದ ಅದರ ಮಧ್ಯೆಯೇ ಇದ್ದವಳು. ಸೊಪ್ಪು ಹಾಕಿದ್ದೆ, ಹಿಕ್ಕೆ ತೆಗೆದಿದ್ದೆ. ಹುಳ ತಲೆ ಆಡಿಸುತ್ತೆ ಅಂತ ಗೊತ್ತಿತ್ತು. ಹೇಗೆ ಆಡಿಸುತ್ತೆ ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ. ಅದು 8ರ ಆಕಾರದಲ್ಲಿ ಆಡುತ್ತೆ. ಒಂದು 8, ಅದರ ಪಕ್ಕ ಇನ್ನೊಂದು 8, ನಿಲ್ಲಿಸೋದೇ ಇಲ್ಲ. ಕಣ್ಣು ಹುಳದ ಮೇಲೆ, ಪೆನ್ಸಿಲ್ ನ್ಯೂಸ್ ಪೇಪರ್ ಕೆಳಗೆ. ನಾನು ಅಭ್ಯಾಸಬಲದಿಂದ ರಬ್ಬರ್ ಹುಡುಕಿದೆ. ಮೇಷ್ಟ್ರು ಒಳಗಿನಿಂದಲೇ ಹೇಳಿದರು. "ಅದು ಎರಡು ಮೂರು ದಿನ ಎಳೆ ಕಡಿಯದೆ ಗೆರೆ ಎಳೆಯುತ್ತಮ್ಮಾ. ನೀನು ಎರಡು ನಿಮಿಷಕ್ಕೆ ರಬ್ಬರ್ ಕೇಳ್ತೀಯ."

ಒಂದು ಗೂಡಿನಲ್ಲಿ ಮುಕ್ಕಾಲು ಕಿಲೋಮೀಟರಿನಿಂದ ಒಂದು ಕಿಲೋಮೀಟರಿನವರೆಗೆ ಎಳೆ ಇರುತ್ತೆ. ನನ್ನ ಹಾಳೆಯಲ್ಲಿ ಇದ್ದದ್ದು ಕೋಳಿ ಕೆದರಿದ ಹಾಗಿನ ಒಂದು ಗೀಚು. ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಚೆನ್ನಾಗಿದೆ ಅಂತಲ್ಲ. ಚೆನ್ನಾಗಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ನಿಮಗೆ ಖುಷಿಯಾಗುತ್ತೆ. ಆದರೆ ಇನ್ನೊಂದು ವಿಷಯ ಇದೆ. ಅವರ ಕೈಕೆಳಗೆ ಕಲಿತು ನಾನು ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದೆ. ಜಾಮಿಟ್ರಿ ಇತ್ತು, ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಕ್ಲಾಸಿನಲ್ಲಿ ಪರೀಕ್ಷೆ ಕಟ್ಟಿದ ಏಳು ಜನರಲ್ಲಿ ಐದು ಜನ ಫೇಲು. ಅಪ್ಪ ಎರಡನೇ ಸಲ ಜಗಳ ಆಡಿದ್ದು ಆಗ. ಹೆಡ್‌ಮೇಷ್ಟ್ರ ರೂಮಿನಲ್ಲಿ, ಎಲ್ಲರ ಮುಂದೆ. ಆ ಸಲ ಅಪ್ಪನದೇ ಸರಿ ಇತ್ತು. ನಾನು ಇವತ್ತಿಗೂ ಹಾಗೇ ಹೇಳೋದು. ಮುಂದಿನ ವರ್ಷ ಬೇರೆಯವರ ಹತ್ತಿರ ಸ್ಕೇಲು, ಕಂಪಾಸು ಹಿಡಿಯೋದು ಕಲಿತು ಪಾಸಾದೆ. ಮೇಷ್ಟ್ರನ್ನು ದೇವರು ಮಾಡಿ ಕೂರಿಸುವವರು ಆ ಐದು ಜನರನ್ನು ಒಮ್ಮೆ ಮಾತಾಡಿಸಿ ಬನ್ನಿ.

ಬೆಂಗಳೂರಿಗೆ ಓದೋಕೆ ಬಂದಮೇಲೆ ಆ ಆಟಕ್ಕೆ ಹೆಸರಿದೆ ಅಂತ ಗೊತ್ತಾಯಿತು. ಬ್ಲೈಂಡ್ ಕಾಂಟೂರ್. ಅಮೆರಿಕದಲ್ಲಿ ಕೀಮನ್ ನಿಕೊಲೈಡಿಸ್ ಅಂತ ಒಬ್ಬ ಮೇಷ್ಟ್ರು ಹೀಗೇ ಕಲಿಸುತ್ತಿದ್ದರು. ಅವರ ಪಾಠಗಳು ಪುಸ್ತಕವಾಗಿ ಬಂದದ್ದು ಅವರು ಸತ್ತಮೇಲೆ, 1941ರಲ್ಲಿ. ಪೆನ್ಸಿಲ್ ತುದಿ ಕಾಗದವನ್ನಲ್ಲ, ಎದುರಿಗಿರುವ ವಸ್ತುವನ್ನೇ ಮುಟ್ಟುತ್ತಿದೆ ಅಂದುಕೊಂಡು ಗೆರೆ ಎಳೆಯಬೇಕು ಅನ್ನೋದು ಅವರ ಪಾಠ. ಕ್ಲಾಸಿನಲ್ಲಿ ಇದನ್ನು ಕೇಳಿದಾಗ ನನಗೆ ಬ್ಲೀಚಿಂಗ್ ಪೌಡರ್ ವಾಸನೆ ಬಂತು.

ಸರಿ. ಇದಿಷ್ಟು ನೀವು ಕೇಳಿದ ಪ್ರಶ್ನೆಗೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ನಿಮ್ಮ ಮೇಷ್ಟ್ರು ಹೇಗೆ ಬರೆಯುತ್ತಿದ್ದರು?

ಪ್ಯಾರಿಸ್‌ನಲ್ಲಿ ಗುಸ್ತಾವ್ ಮೋರೋ ಅಂತ ಒಬ್ಬರಿದ್ದರು. 1892ರಿಂದ 1898ರಲ್ಲಿ ಸಾಯುವವರೆಗೆ ಸರ್ಕಾರಿ ಕಲಾಶಾಲೆಯಲ್ಲಿ ಪಾಠ ಮಾಡಿದರು. ಅವರ ಚಿತ್ರಗಳೋ, ಪುರಾಣದ ಕಥೆ, ಇಂಚಿಂಚೂ ಕುಸುರಿ, ಚಿನ್ನದಂಗಡಿಯ ಗಾಜಿನ ಪೆಟ್ಟಿಗೆ ಇದ್ದಂತೆ. ಅವರ ಹತ್ತಿರ ಕಲಿತವರು ಮುಂದೆ ದೊಡ್ಡ ಚಿತ್ರಕಾರರಾದ ಮಾತೀಸ್, ರುವೋ. ಮಾತೀಸ್ ಮುಂದೆ ನಾಲ್ಕು ಗೆರೆಯಲ್ಲಿ ಒಂದು ಮುಖ ಮುಗಿಸಿದರು. ರುವೋ ಎಳೆದದ್ದು ಇದ್ದಿಲಿನ ಹಾಗೆ ದಪ್ಪ ಕಪ್ಪು ಗೆರೆ. ಮೋರೋ ಮನೆ ಮ್ಯೂಸಿಯಂ ಆದಾಗ ಅದನ್ನು ನೋಡಿಕೊಳ್ಳೋಕೆ ಮೊದಲು ನಿಂತವರು ಇದೇ ರುವೋ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಟ್ರ್ಯಾಕ್ಟರ್ ಟ್ರೇಲರ್.

ಮೇಷ್ಟ್ರು ಸಂಜೆ ಹೊತ್ತು ಬೋರ್ಡ್ ಬರೆಯುತ್ತಿದ್ದರು. ಸೈಕಲ್ ಶಾಪು, ರೀಲಿಂಗ್ ಘಟಕ, ಗೊಬ್ಬರದ ಅಂಗಡಿ. ಎರಡು ಸಲ ಜಗಳ ಆಡಿದ ಅಪ್ಪನೇ ಟ್ರೇಲರಿಗೆ ಹೆಸರು ಬರೆಸೋಕೆ ಅವರನ್ನು ಕರೆದರು. ಸುತ್ತಮುತ್ತ ಅಷ್ಟು ನೀಟಾಗಿ ಬರೆಯುವವರು ಇನ್ನೊಬ್ಬರು ಇರಲಿಲ್ಲ. ನಾನು ಬಣ್ಣದ ಡಬ್ಬ ಹಿಡಿದು ನಿಂತಿದ್ದೆ. ದಾರಕ್ಕೆ ಚಾಕ್‌ಪೀಸ್ ಪುಡಿ ಹಚ್ಚಿ, ಎರಡೂ ತುದಿ ಬಿಗಿಯಾಗಿ ಹಿಡಿದು, ಮಧ್ಯೆ ಮೀಟಿದರು. ಸೂಜಿಯಂಥ ಬಿಳಿ ಗೆರೆ ಬಿತ್ತು. ಅದರ ಮೇಲೆ "ಶ್ರೀ ಗಂಗಮ್ಮದೇವಿ ಪ್ರಸನ್ನ". ಕುಂಚ ಒಂದು ಸಲವೂ ಅಲುಗಲಿಲ್ಲ. ನಮಗೆ ಸ್ಕೇಲು ಮುಟ್ಟೋಕೆ ಬಿಡದಿದ್ದ ಮನುಷ್ಯ.

ಕಾಫಿ ಕುಡಿಯುವಾಗ ನಾನು ಡ್ರಾಯಿಂಗ್ ಪುಸ್ತಕ, ತೂತು ಮಾಡಿದ ನ್ಯೂಸ್ ಪೇಪರ್ ತಂದು ಮುಂದಿಟ್ಟೆ. ಒಂದು ಹುಳ ಬರೆದುಕೊಡಿ ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಪೆನ್ಸಿಲ್ ತೂರಿಸಿ, ಪಡಸಾಲೆಯ ಚಂದ್ರಿಕೆ ನೋಡುತ್ತಾ ಬರೆದರು. ನ್ಯೂಸ್ ಪೇಪರ್ ತೆಗೆದು ನೋಡಿದೆವು. ಹುಳ ಎರಡೂ ಕಡೆ ಒಂದೇ ಸಮ. ಸೊನ್ನೆ ಸುತ್ತಿದಂಥ ತಲೆ, ಅಳೆದಿಟ್ಟ ಬಾಲ.

"ಇದು 'ಲ' ಆಯ್ತಲ್ಲಮ್ಮಾ," ಅಂದರು. ಇನ್ನೊಂದು ಬರೆದರು. ಅದೂ "ಲ" ಆಯಿತು. "ನನ್ ಕೈ ಬೋರ್ಡಿಗೆ ಹೋಗ್ಬಿಟ್ಟಿದೆ," ಅಂತ ಹೇಳಿ, ಕಾಫಿ ಲೋಟ ಕೆಳಗಿಟ್ಟು, ಟ್ರೇಲರಿನ ಹಿಂದಿನ ಹಲಗೆಗೆ ನಂಬರ್ ಬರೆಯೋಕೆ ಎದ್ದರು.

ಆ ಟ್ರೇಲರ್ ಈಗಲೂ ಊರಲ್ಲಿದೆ. ಅಪ್ಪ ಅದಕ್ಕೆ ಎರಡು ಸಲ ಹೊಸ ಬಣ್ಣ ಹೊಡೆಸಿದ್ದಾರೆ. ಎರಡು ಸಲವೂ ಬಣ್ಣದವನ ಪಕ್ಕದಲ್ಲೇ ನಿಂತು, ಅಕ್ಷರಗಳ ಸುತ್ತ ಜಾಗ ಬಿಡಿಸಿದ್ದಾರೆ.