ಮೂವತ್ತೈದು ನಿಮಿಷ ದೂರದ ಆಸ್ಪತ್ರೆ

ಮಗನಿಗೆ ಆಗ ಎರಡು ವರ್ಷ. ಜನವರಿ ತಿಂಗಳು, ರಾತ್ರಿ ಎರಡೂವರೆ ಗಂಟೆ. ಇದ್ದಕ್ಕಿದ್ದ ಹಾಗೆ ನಾಯಿ ಬೊಗಳಿದ ಥರ ಕೆಮ್ಮು ಶುರುವಾಯಿತು. ಉಸಿರು ಎಳೆದಾಗಲೆಲ್ಲ ಕೀರಲು ಸದ್ದು. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. ನಮ್ಮನೆಯವರು ಕಾರಿನ ಮುಂದಿನ ಗಾಜಿನ ಮೇಲೆ ಅಂಗೈ ಅಗಲ ಹಿಮ ಕೆರೆದುಕೊಂಡು ಹೊರಟೇಬಿಟ್ಟರು. ನಾನು ಹಿಂದಿನ ಸೀಟಿನಲ್ಲಿ ಅವನ ಎದೆಯ ಮೇಲೆ ಕೈ ಇಟ್ಟು ಕೂತಿದ್ದೆ. ಏಳು ನಿಮಿಷಕ್ಕೆ ಎಮರ್ಜೆನ್ಸಿ ಬಾಗಿಲು ತಲುಪಿದೆವು. ನರ್ಸ್ ಅವನ ಮುಖ ನೋಡಿದ್ದೇ ತಡ, ಹೆಸರು ಕೂಡ ಕೇಳದೆ ಎತ್ತಿಕೊಂಡು ಒಳಗೆ ಹೋದರು. ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟರು, ಸ್ಟೀರಾಯ್ಡ್ ಕುಡಿಸಿದರು. ಬೆಳಗ್ಗೆ ಆರಕ್ಕೆ ಅವನು ಎದ್ದು ಕೂತು ಬಿಸ್ಕೆಟ್ ಕೇಳಿದ.

ಅದಾಗಿ ನಾಲ್ಕು ವರ್ಷಕ್ಕೆ, 2023ರ ಫೆಬ್ರವರಿಯಲ್ಲಿ, ಅದೇ ಎಮರ್ಜೆನ್ಸಿಯನ್ನು ಮುಚ್ಚುತ್ತೇವೆ ಅಂತ ಊರಿಗೆ ನೋಟಿಸ್ ಬಂತು. ಡಾಕ್ಟರು ಸಾಲದು, ನರ್ಸ್ ಸಾಲದು ಅನ್ನುವುದು ಕಾರಣ. ಕೊನೆಯ ಸಾಲಿನಲ್ಲಿ, ಹತ್ತಿರದ ಇನ್ನೊಂದು ಎಮರ್ಜೆನ್ಸಿ 35 ನಿಮಿಷದ ದಾರಿ ಅಂತ ಬರೆದಿತ್ತು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. 35ರಲ್ಲಿ 7 ಕಳೆದರೆ 28. ಆ ರಾತ್ರಿ ನನ್ನ ಮಗನ ಹತ್ತಿರ ಇನ್ನೂ 28 ನಿಮಿಷ ಇತ್ತಾ? ನನಗೆ ಇವತ್ತಿಗೂ ಗೊತ್ತಿಲ್ಲ.

ನಾವಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸಣ್ಣ ಊರು. ಟೊರೊಂಟೊದಿಂದ ಎರಡೂವರೆ ಗಂಟೆ. ಕನ್ನಡ ಮಾತಾಡುವ ಮನೆ ನಮ್ಮದೊಂದೇ. ನಾನು ಇಲ್ಲಿನ ದಿನಸಿ ಅಂಗಡಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಊರಿನ ಮುಕ್ಕಾಲು ಪಾಲು ಜನರ ಮುಖ ನನಗೆ ಗೊತ್ತು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ, ಯಾರಿಗೆ ಉಪ್ಪು ಕಡಿಮೆ ಇರುವ ಸೂಪೇ ಬೇಕು, ಎಲ್ಲ ಗೊತ್ತು. ಎಮರ್ಜೆನ್ಸಿ ಮುಚ್ಚಬೇಡಿ ಅನ್ನುವ ಅರ್ಜಿಯ ಸಹಿ ಸಂಗ್ರಹಕ್ಕೆ ನನ್ನನ್ನು ಕರೆದಿದ್ದು ಅದಕ್ಕೇ ಇರಬೇಕು.

ಇಲ್ಲಿನ ಶಾಸನಸಭೆಗೆ ಅರ್ಜಿ ಕೊಡುವುದಕ್ಕೆ ಒಂದು ಕ್ರಮ ಇದೆ. ಅರ್ಜಿ ಒಂಟಾರಿಯೊದ ಶಾಸನಸಭೆಯ ಹೆಸರಿಗೇ ಇರಬೇಕು. ಏನು ಆಗಬೇಕು ಅಂತ ಸ್ಪಷ್ಟವಾಗಿ ಕೇಳಿರಬೇಕು. ಸಹಿಗಳು ಮೂಲ ಸಹಿಗಳೇ ಆಗಿರಬೇಕು, ಜೆರಾಕ್ಸ್ ಪ್ರತಿ ನಡೆಯುವುದಿಲ್ಲ. ಪಕ್ಕದಲ್ಲಿ ಹೆಸರು, ವಿಳಾಸ. ಇಂಟರ್ನೆಟ್ಟಿನಲ್ಲಿ ಬಟನ್ ಒತ್ತಿಸಿದರೆ ಬೇಗ ಆಗುತ್ತಿತ್ತಲ್ವಾ ಅಂತ ಮೊದಲು ನನಗೂ ಅನ್ನಿಸಿತ್ತು. ಆಮೇಲೆ ಅನ್ನಿಸಲಿಲ್ಲ.

ಮಾರ್ಚ್ ತಿಂಗಳ ಶನಿವಾರಗಳಲ್ಲಿ ಐಸ್ ಹಾಕಿ ಅರೀನಾದ ಬಾಗಿಲ ಹತ್ತಿರ ನಿಲ್ಲುತ್ತಿದ್ದೆವು. ನಾನು ಮತ್ತು ಎಂಬತ್ತು ದಾಟಿದ ಒಬ್ಬ ಅಜ್ಜಿ. ಅವರು ಹಿಂದೆ ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಚಳಿಗೆ ಪೆನ್ನಿನ ಇಂಕು ಹೆಪ್ಪುಗಟ್ಟಿ ಬಿಡುತ್ತಿತ್ತು. ಅಜ್ಜಿ ನಾಲ್ಕು ಪೆನ್ನುಗಳನ್ನು ಜಾಕೆಟ್ಟಿನ ಒಳಗೆ, ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಒಂದು ಬರೆಯದೆ ಹೋದರೆ ಬೆಚ್ಚಗಿರುವ ಇನ್ನೊಂದನ್ನು ತೆಗೆದು ಕೊಡುವುದು, ತಣ್ಣಗಾದದ್ದನ್ನು ಮತ್ತೆ ಒಳಗೆ ಸೇರಿಸುವುದು. ಇಡೀ ಬೆಳಗ್ಗೆ ಇದೇ ಕೆಲಸ.

ಒಬ್ಬ ರೈತರು ಬಂದರು. ಕೈ ನಡುಗುತ್ತಿತ್ತು, ಪಾರ್ಕಿನ್ಸನ್ ಕಾಯಿಲೆ. ಪರವಾಗಿಲ್ಲ, ಹೆಸರು ನಾನು ಬರೆಯುತ್ತೇನೆ, ನೀವು ಸಹಿ ಮಾತ್ರ ಹಾಕಿ ಅಂದೆ. ಬೇಡ ಅಂದರು. ಕ್ಲಿಪ್‌ಬೋರ್ಡನ್ನು ಗೋಡೆಗೆ ಒತ್ತಿ ಹಿಡಿದು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಒಂದೊಂದೇ ಅಕ್ಷರ ಬರೆದರು. ಹಿಂದೆ ಹತ್ತು ಜನ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಅವರ ವಿಳಾಸ ಪಕ್ಕದ ಸಾಲಿಗೂ ಇಳಿದಿತ್ತು. ಹೋಗುವಾಗ ಅವರು ಹೇಳಿದ್ದು ಇಷ್ಟೇ: "ನನ್ನ ಹೆಂಡತಿಯ ಹಾರ್ಟ್ ನಿಂತಾಗ ಅವಳನ್ನು ವಾಪಸ್ ತಂದಿದ್ದು ಇಲ್ಲೇ."

ಬಟನ್ ಒತ್ತಿಸಿದ್ದರೆ ಈ ಸಾಲು ನನಗೆ ಸಿಗುತ್ತಿರಲಿಲ್ಲ.

ಏಪ್ರಿಲ್ 20ಕ್ಕೆ ಮಿಂಡನ್ ಸುದ್ದಿ ಬಂತು. ಹ್ಯಾಲಿಬರ್ಟನ್ ಕೌಂಟಿಯ ಪುಟ್ಟ ಊರು ಅದು. ಸುತ್ತ ಕೆರೆಗಳು, ಬೇಸಿಗೆಯಲ್ಲಿ ಕಾಟೇಜುಗಳಿಗೆ ಬರುವ ಜನರಿಂದ ಊರು ಹಲವು ಪಟ್ಟು ಹಿಗ್ಗುತ್ತದೆ. ಅಲ್ಲಿನ ಎಮರ್ಜೆನ್ಸಿಯನ್ನು ಜೂನ್ 1ಕ್ಕೆ ಮುಚ್ಚಿ, ಸುಮಾರು 25 ಕಿಲೋಮೀಟರ್ ದೂರದ ಹ್ಯಾಲಿಬರ್ಟನ್ ಊರಿನ ಎಮರ್ಜೆನ್ಸಿ ಜೊತೆ ಸೇರಿಸುತ್ತೇವೆ ಅಂತ ಆಸ್ಪತ್ರೆ ಹೇಳಿತು. ಆರು ವಾರದ ಮುನ್ಸೂಚನೆ, ಅಷ್ಟೇ. ಅದೂ ಬೇಸಿಗೆ ಶುರುವಾಗುವ ಹೊತ್ತಿಗೆ. ಊರಿನ ಪುರಸಭೆಯನ್ನೂ ಕೇಳಿರಲಿಲ್ಲ. ಜನ ಬೀದಿಗೆ ಬಂದರು. ಒಂದು ವರ್ಷವಾದರೂ ತಡೆಯಿರಿ ಅಂತ ಕೇಳಿದರು. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸಹಿ ಸೇರಿತು. ಟೊರೊಂಟೊದ ಕ್ವೀನ್ಸ್ ಪಾರ್ಕಿನಲ್ಲಿ, ಅಂದರೆ ಶಾಸನಸಭೆಯಲ್ಲಿ, ವಿರೋಧ ಪಕ್ಷದವರು ಮತ್ತೆ ಮತ್ತೆ ಎದ್ದು ನಿಂತು ಕೇಳಿದರು. ಸರ್ಕಾರದ ಕಡೆಯಿಂದ ಬಂದ ಉತ್ತರ, ಇದು ಸ್ಥಳೀಯ ಆಸ್ಪತ್ರೆ ಮಂಡಳಿಯ ತೀರ್ಮಾನ ಅನ್ನುವುದು. ಜೂನ್ 1ಕ್ಕೆ ಬಾಗಿಲು ಮುಚ್ಚಿಯೇ ಮುಚ್ಚಿತು.

ನನಗೆ ತುಂಬ ನೋವಾಗಿದ್ದು ಆ ಉತ್ತರಕ್ಕೆ. ಆಸ್ಪತ್ರೆಗೆ ಹಣ ಕೊಡುವುದು ಪ್ರಾಂತ್ಯ ಸರ್ಕಾರ. ನರ್ಸುಗಳ ಸಂಬಳ ಏರಿಕೆಗೆ ವರ್ಷಕ್ಕೆ ಶೇಕಡಾ 1ರ ಮಿತಿ ಹಾಕಿದ್ದು ಇದೇ ಶಾಸನಸಭೆ 2019ರಲ್ಲಿ ಪಾಸು ಮಾಡಿದ ಬಿಲ್ 124. ಕೋವಿಡ್ ಹೊತ್ತಿನಲ್ಲೂ ಆ ಕಾನೂನು ಇತ್ತು. 2022ರ ನವೆಂಬರಿನಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ನರ್ಸುಗಳು ಕೆಲಸ ಬಿಟ್ಟಿದ್ದರು, ಇಲ್ಲವೇ ಏಜೆನ್ಸಿಗಳಿಗೆ ಸೇರಿದ್ದರು. ಹೀಗಿರುವಾಗ ನರ್ಸ್ ಇಲ್ಲ ಅಂತ ಮುಚ್ಚುವುದು ಮಂಡಳಿಯೊಂದರದ್ದೇ ತೀರ್ಮಾನ ಹೇಗಾಗುತ್ತದೆ? ನಮ್ಮೂರಲ್ಲೂ ಇದೇ ಆಯಿತು. ಮಂಡಳಿಯನ್ನು ಕೇಳಿದರೆ ಸಚಿವಾಲಯದ ಕಡೆ ಕೈ ತೋರಿಸುತ್ತಿದ್ದರು, ಸಚಿವಾಲಯವನ್ನು ಕೇಳಿದರೆ ಮಂಡಳಿಯ ಕಡೆ. ನಡುವೆ ನಾವು, ಕೈಯಲ್ಲಿ ಸಹಿ ಹಾಳೆಗಳು.

ಮೇ ತಿಂಗಳಲ್ಲಿ ಒಂದು ದಿನ ಬಸ್ ಮಾಡಿಕೊಂಡು ಕ್ವೀನ್ಸ್ ಪಾರ್ಕಿಗೆ ಹೋದೆವು. ಗುಲಾಬಿ ಬಣ್ಣದ ಮರಳುಗಲ್ಲಿನ ದೊಡ್ಡ ಕಟ್ಟಡ. ಬ್ಯಾಗು, ಫೋನು ಕೆಳಗೇ ಬಿಟ್ಟು ಗ್ಯಾಲರಿಗೆ ಹತ್ತಬೇಕು. ಘೋಷಣೆ ಬರೆದ ಬಟ್ಟೆ ಹಾಕುವಂತಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ, ಮಾತಾಡುವಂತಿಲ್ಲ. ಬೆಳಗ್ಗೆ ಹತ್ತೂವರೆಗೆ ಪ್ರಶ್ನೋತ್ತರ. ಕೆಳಗೆ ಗಲಾಟೆಯೋ ಗಲಾಟೆ. ಮೇಲೆ ನಾವು ಕೈಕಟ್ಟಿ ಕೂತಿದ್ದೆವು.

ಅರ್ಜಿ ಓದಿದ್ದು ಮಧ್ಯಾಹ್ನದ ಮೇಲೆ. ಒಟ್ಟು ಅರ್ಜಿಗಳಿಗೆ 15 ನಿಮಿಷ. ಆ ಹೊತ್ತಿಗೆ ಸಭೆಯ ಮುಕ್ಕಾಲು ಪಾಲು ಕುರ್ಚಿ ಖಾಲಿ. ನಮ್ಮ ಅರ್ಜಿಯನ್ನು ವಿರೋಧ ಪಕ್ಷದ ಶಾಸಕರೊಬ್ಬರು ಎದ್ದು ಓದಿದರು. ನಾವು ಅಡುಗೆಮನೆ ಮೇಜಿನ ಸುತ್ತ ಕೂತು, ಒಡೆದು ಕಟ್ಟಿ, ಒಡೆದು ಕಟ್ಟಿ ಬರೆದ ವಾಕ್ಯಗಳು. "ಜನರನ್ನು ಕೇಳದೆ, ಸಾರ್ವಜನಿಕ ಸಭೆ ಕರೆಯದೆ, ಯಾವ ಎಮರ್ಜೆನ್ಸಿಯನ್ನೂ ಮುಚ್ಚಬಾರದು" ಅನ್ನುವುದು ನಮ್ಮ ಕೋರಿಕೆ. ಓದಿ ಮುಗಿಸಿ, ನಾನು ಇದನ್ನು ಬೆಂಬಲಿಸುತ್ತೇನೆ ಅಂತ ಹೇಳಿ, ತಮ್ಮದೂ ಒಂದು ಸಹಿ ಹಾಕಿದರು. ಆಮೇಲೆ ಪೇಜ್ ಕೈಗೆ ಕೊಟ್ಟರು. ಪೇಜ್ ಅಂದರೆ ಏಳನೇ, ಎಂಟನೇ ತರಗತಿಯ ಶಾಲಾ ಮಕ್ಕಳು. ಕಪ್ಪು ಬಿಳುಪು ಸಮವಸ್ತ್ರ ಹಾಕಿಕೊಂಡು ಸಭೆಯಲ್ಲಿ ಕಾಗದ ಪತ್ರ, ನೀರು ತಂದುಕೊಡುತ್ತಾರೆ. ಆ ದಿನ ಬಂದದ್ದು ಒಬ್ಬಳು ಪುಟ್ಟ ಹುಡುಗಿ. ಕಟ್ಟು ಅವಳಿಗೆ ಭಾರ. ಎರಡೂ ಕೈಯಿಂದ ಎದೆಗೆ ಅವಚಿಕೊಂಡು, ಕಾಲಿನ ಕಡೆ ನೋಡುತ್ತಾ, ಮೆಲ್ಲಗೆ ಮೇಜಿನ ತನಕ ನಡೆದಳು. ಅದರೊಳಗೆ ಆ ರೈತರ ನಡುಗಿದ ಅಕ್ಷರ ಇತ್ತು. ಪಕ್ಕದಲ್ಲಿ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಎಲ್ಲ ಸೇರಿ ಎರಡು ನಿಮಿಷ ಆಗಿತ್ತೇನೋ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಅಷ್ಟು ದೊಡ್ಡ ದೇಶ ಕಣೇ, ಅಲ್ಲೂ ಆಸ್ಪತ್ರೆ ಮುಚ್ತಾರಾ? ನೀವು ಹೇಳಿದ್ದನ್ನು ಕೇಳಿಸಿಕೊಂಡರಾ?" ಕೇಳಿಸಿಕೊಂಡರೋ ಇಲ್ಲವೋ, ಬರೆದುಕೊಂಡರಮ್ಮ ಅಂದೆ. ಸಭೆಯಲ್ಲಿ ಓದಿದ್ದು ಹ್ಯಾನ್ಸಾರ್ಡ್ ಅನ್ನುವ ದಾಖಲೆ ಸೇರುತ್ತದೆ. ನಾಳೆ ಯಾರೂ "ಜನ ಏನೂ ಹೇಳಲಿಲ್ಲ" ಅನ್ನುವ ಹಾಗಿಲ್ಲ.

ಜನ ಕೂಗಿ ಆಸ್ಪತ್ರೆ ಉಳಿಸಿಕೊಂಡದ್ದು ಇದೇ ಪ್ರಾಂತ್ಯದಲ್ಲಿದೆ. ಅಜ್ಜಿ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಕಥೆ ಹೇಳಿದರು, ಮನೆಗೆ ಬಂದು ನಾನು ಕೂತು ಓದಿದೆ. ಒಟ್ಟಾವಾದ ಮೊಂಟ್‌ಫೋರ್ಟ್ ಆಸ್ಪತ್ರೆ. ಅಲ್ಲಿ ಕೆಲಸವೆಲ್ಲ ಫ್ರೆಂಚ್‌ನಲ್ಲಿ ನಡೆಯುತ್ತದೆ, ಫ್ರೆಂಚ್‌ನಲ್ಲೇ ವೈದ್ಯರು, ನರ್ಸುಗಳು ತರಬೇತಿ ಪಡೆಯುತ್ತಾರೆ. ಆಗ ಪ್ರಾಂತ್ಯ ಆಳುತ್ತಿದ್ದ ಮೈಕ್ ಹ್ಯಾರಿಸ್ ಸರ್ಕಾರ 1996ರಲ್ಲಿ ಆಸ್ಪತ್ರೆಗಳನ್ನು ಮುಚ್ಚುವ, ಕೂಡಿಸುವ ಅಧಿಕಾರ ಕೊಟ್ಟು ಒಂದು ಆಯೋಗ ಮಾಡಿತ್ತು. ಅದು 1997ರ ಫೆಬ್ರವರಿಯಲ್ಲಿ ಮೊಂಟ್‌ಫೋರ್ಟ್ ಮುಚ್ಚಬೇಕು ಅಂತ ಹೇಳಿತು. ಮುಂದಿನ ತಿಂಗಳೇ ಸುಮಾರು 10,000 ಜನ ಒಂದು ಕಡೆ ಸೇರಿದರು. ಮುಂದೆ ನಿಂತವರು ಜಿಸೆಲ್ ಲಾಲೋಂಡ್, ವಾನಿಯೇ ಊರಿನ ಮೇಯರ್ ಆಗಿದ್ದವರು. ಜಗಳ ಕೋರ್ಟಿಗೆ ಹೋಯಿತು. 1999ರಲ್ಲಿ ಒಂದು ಗೆಲುವು, 2001ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಗೆಲುವು. ಆ ಆಸ್ಪತ್ರೆ ಅಲ್ಲಿನ ಫ್ರೆಂಚ್ ಜನರಿಗೆ ಎಷ್ಟು ಮುಖ್ಯ ಅನ್ನುವುದನ್ನು ಆಯೋಗ ಸರಿಯಾಗಿ ನೋಡಲೇ ಇಲ್ಲ ಅಂತ ಕೋರ್ಟು ಹೇಳಿತು. ಮೊಂಟ್‌ಫೋರ್ಟ್ ಈಗಲೂ ನಡೆಯುತ್ತಿದೆ.

ಇದನ್ನು ಓದುತ್ತಾ ನನಗೆ ಹೆರಿಗೆ ನೋವಿನ ದಿನ ನೆನಪಾಯಿತು. ಎಷ್ಟೇ ಇಂಗ್ಲಿಷ್ ಬಂದರೂ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಅಮ್ಮಾ ಅಂತಲೇ. ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವ ಜಾಗಕ್ಕೆ ಐದು ವರ್ಷ ಹೊಡೆದಾಡಿದ ಜನರನ್ನು ನಾನು ನೋಡಿಲ್ಲ. ಆದರೂ ಅವರು ನಮ್ಮವರೇ ಅನ್ನಿಸಿತು.

ನಮಗೆ ಹಾಗೆ ಹಿಡಿದುಕೊಳ್ಳುವುದಕ್ಕೆ ಭಾಷೆಯ ಎಳೆ ಇಲ್ಲ. ನಮ್ಮದು ಸುಮ್ನೆ ಒಂದು ಸಣ್ಣ ಊರು. ಅರ್ಜಿಗೆ ಸರ್ಕಾರ 24 ಅಧಿವೇಶನದ ದಿನಗಳ ಒಳಗೆ ಉತ್ತರ ಕೊಡಬೇಕು. ನಾವು 24 ದಿನ ಅಂದುಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆವು. ಆಮೇಲೆ ಗೊತ್ತಾಯಿತು, ಸಭೆ ಸೇರಿದ ದಿನ ಮಾತ್ರ ಲೆಕ್ಕ. ಜೂನಿನಲ್ಲಿ ಎದ್ದ ಸಭೆ ಮತ್ತೆ ಕೂತದ್ದು ಸೆಪ್ಟೆಂಬರ್ ಕೊನೆಗೆ. ಉತ್ತರ ಬಂದಾಗ ಮೇಪಲ್ ಎಲೆಗಳೆಲ್ಲ ಉದುರುತ್ತಿದ್ದವು. ಒಂದೂವರೆ ಪುಟ. ಅದರಲ್ಲೂ ಅದೇ ಸಾಲು ಇತ್ತು: 35 ನಿಮಿಷ.

ಅಷ್ಟರಲ್ಲಿ ಮಂಡಳಿ ಒಂದು ಹೆಜ್ಜೆ ಹಿಂದೆ ಬಂದಿತ್ತು. ಎಮರ್ಜೆನ್ಸಿ ಪೂರ್ತಿ ಮುಚ್ಚಲಿಲ್ಲ, ರಾತ್ರಿ ಮಾತ್ರ ಮುಚ್ಚಿದರು. ಸಂಜೆ ಏಳರಿಂದ ಬೆಳಗ್ಗೆ ಏಳರ ತನಕ ಬಾಗಿಲಿಗೆ ಬೀಗ, ಮೇಲೆ 911ಕ್ಕೆ ಫೋನ್ ಮಾಡಿ ಅನ್ನುವ ಬೋರ್ಡು. ಇದೂ ಗೆಲುವೇ ಅಂದರು ಕೆಲವರು. ಹಗಲು ಉಳಿದದ್ದಕ್ಕೆ ನನಗೂ ಸಮಾಧಾನ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮಗನಿಗೆ ಉಸಿರು ಕಟ್ಟಿದ್ದು ರಾತ್ರಿ ಎರಡೂವರೆಗೆ.

ಅದೇ ಡಿಸೆಂಬರಿನಲ್ಲಿ ಪ್ರಾಂತ್ಯದ ಆಡಿಟರ್ ಜನರಲ್ ವರದಿ ಬಂತು. 2022ರ ಜುಲೈಯಿಂದ 2023ರ ಜೂನ್ ತನಕ 23 ಆಸ್ಪತ್ರೆಗಳ ಎಮರ್ಜೆನ್ಸಿಗಳು 203 ಸಲ ತಾತ್ಕಾಲಿಕವಾಗಿ ಮುಚ್ಚಿದ್ದವು ಅಂತ ಅದರಲ್ಲಿತ್ತು. ಬಹುಪಾಲು ನರ್ಸುಗಳ ಕೊರತೆಯಿಂದ. ಅಂದರೆ 203 ಸಲ ಯಾರೋ ಒಬ್ಬರು ಬಾಗಿಲ ಹತ್ತಿರ ಹೋಗಿ ಬೋರ್ಡು ಓದಿರಬಹುದು.

ಆಗ ನನಗೆ ಅನ್ನಿಸಿತು, ಈ 35 ನಿಮಿಷವನ್ನು ಹಿಮದ ರಸ್ತೆಯಲ್ಲೂ ಒಂದು ಸಲ ಅಳೆದೇ ನೋಡೋಣ ಅಂತ. ಅಕ್ಟೋಬರಿನ ಒಂದು ರಾತ್ರಿ ಒಣ ರಸ್ತೆಯಲ್ಲಿ ಆಗಲೇ ಹೋಗಿ ಬಂದಿದ್ದೆವು. ನಮ್ಮನೆಯವರು ಓಡಿಸಿದರು, ನಾನು ಗಡಿಯಾರ ನೋಡಿದೆ. 38 ನಿಮಿಷ. ಜನವರಿಯಲ್ಲಿ ಮತ್ತೆ ಹೊರಟೆವು. ಬಿರುಗಾಳಿಯೇನೂ ಇರಲಿಲ್ಲ, ಸಾಧಾರಣ ಹಿಮ. ಹೈವೇಯಲ್ಲಿ ಹಿಮ ತೆಗೆಯುವ ಲಾರಿಯೊಂದು ಮುಂದೆ ಸಿಕ್ಕಿತು. ನೀಲಿ ದೀಪ ಮಿಣುಕಿಸುತ್ತಾ ನಿಧಾನಕ್ಕೆ ಹೋಗುತ್ತಿತ್ತು. ಅದನ್ನು ದಾಟುವ ಹಾಗಿಲ್ಲ, ಮುಂದೆ ರಸ್ತೆಯೇ ಕಾಣುವುದಿಲ್ಲ. ಹಿಂದಿನ ಸೀಟಿನಲ್ಲಿ ಮಗ ನಿದ್ದೆ ಮಾಡುತ್ತಿದ್ದ. ಅವನ ಉಸಿರಿನ ಸದ್ದು ಕೇಳುತ್ತಾ ಕೂತಿದ್ದೆ. ಫೋನಿನ ಸಿಗ್ನಲ್ ನಡುವೆ ಎರಡು ಕಡೆ ಹೋಯಿತು. ಆ ಊರಿನ ಎಮರ್ಜೆನ್ಸಿಯ ಕೆಂಪು ದೀಪ ಕಂಡಾಗ ನೋಡಿದೆ. ಒಂದು ಗಂಟೆ ಆರು ನಿಮಿಷ.

ಉಳಿದಿದ್ದ ಒಂದು ಖಾಲಿ ಸಹಿ ಹಾಳೆಯ ಹಿಂಬದಿಯಲ್ಲಿ ತಾರೀಕು, ಹೊರಟ ಹೊತ್ತು, ತಲುಪಿದ ಹೊತ್ತು ಬರೆದೆ. ಈಗ ಊರಿನ ಹನ್ನೊಂದು ಮನೆಯವರು ಹೀಗೆ ಬರೆದಿಡುತ್ತಿದ್ದಾರೆ. ಒಬ್ಬರು ಹಾಲಿನ ಲಾರಿ ಓಡಿಸುವವರು, ಅವರು ವಾರಕ್ಕೆ ಮೂರು ರಾತ್ರಿ ಅದೇ ದಾರಿಯಲ್ಲಿ ಹೋಗುತ್ತಾರೆ. ಅಜ್ಜಿ ಎಲ್ಲರಿಂದ ಹಾಳೆ ತರಿಸಿಕೊಂಡು ಒಂದು ಫೈಲಿನಲ್ಲಿ ಜೋಡಿಸುತ್ತಾರೆ. ಈ ಚಳಿಗಾಲ ಮುಗಿದ ಮೇಲೆ ಅದನ್ನು ನಮ್ಮ ಅರ್ಜಿ ಓದಿದ ಶಾಸಕರಿಗೆ ಕೊಡಬೇಕು. ಫೈಲಿನ ಮೊದಲ ಪುಟದಲ್ಲಿ ನಮ್ಮ ಜನವರಿ ರಾತ್ರಿಯ ಹಾಳೆ ಇದೆ.